ಎರಡು ಸತ್ತ ಹೆಡ್‌ಫೋನಿನಿಂದ ಒಂದು

ಹೆಡ್‌ಫೋನಿನಲ್ಲಿ ಎರಡು ಜಾತಿ. ಕಿವಿಯ ಮೇಲೆ ಕೂರುವ ಕಪ್‌ನ ಹಿಂಭಾಗದಲ್ಲಿ ಜಾಲರಿ ಇದ್ದು ಸದ್ದು ಹೊರಗೂ ಹೋಗುವುದು ಓಪನ್ ಬ್ಯಾಕ್. ಹಿಂಭಾಗ ಪೂರ್ತಿ ಮುಚ್ಚಿರುವುದು ಕ್ಲೋಸ್ಡ್ ಬ್ಯಾಕ್. 1968ರಲ್ಲಿ ಸೆನ್‌ಹೈಸರ್ ಕಂಪೆನಿ ಎಚ್‌ಡಿ 414 ಅನ್ನುವ ಓಪನ್ ಮಾದರಿ ತಂದಿತು. ಸಂಗೀತದ ಹುಚ್ಚು ಇರುವವರು ಇವತ್ತಿಗೂ ಓಪನ್ನೇ ಮೇಲು ಅನ್ನುತ್ತಾರೆ. ಇರಬಹುದು. ಆದರೆ ಅವರ್‍ಯಾರೂ ಮುಂಬೈ ಹತ್ತಿರದ ಡೊಂಬಿವಲಿಯ ಒಂದೇ ಬೆಡ್‌ರೂಮಿನ ಮನೆಯಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಯಕ್ಷಗಾನ ಕೇಳುವವರಲ್ಲ. ಓಪನ್ ಹೆಡ್‌ಫೋನಿನಲ್ಲಿ ಚೆಂಡೆ ಬಿದ್ದರೆ ಪಕ್ಕದ ಹಾಸಿಗೆಯಲ್ಲಿ ಅಮ್ಮ ಎದ್ದು ಕೂರುತ್ತಾರೆ. ಬೆಳಿಗ್ಗೆ ಫಾಸ್ಟ್ ಲೋಕಲ್‌ನಲ್ಲಂತೂ ಓಪನ್ ಹಾಕಿಕೊಳ್ಳುವುದೂ ಒಂದೇ, ಸುಮ್ನೆ ನಿಲ್ಲುವುದೂ ಒಂದೇ. ಹಾಗಾಗಿ ನನಗೆ ಕ್ಲೋಸ್ಡೇ ಆಗಬೇಕು.

ಇದ್ದ ಒಂದು ಕ್ಲೋಸ್ಡ್ ಹೆಡ್‌ಫೋನಿನ ಮಡಚುವ ಕೀಲು ಠಾಣೆಯ ನೂಕುನುಗ್ಗಲಿನಲ್ಲಿ ಮುರಿಯಿತು. ಸರ್ವಿಸ್ ಸೆಂಟರಿನವರು ಪಾರ್ಟ್ ಸಿಗುವುದಿಲ್ಲ, ಹೊಸದೇ ತಗೊಳ್ಳಿ ಅಂದರು. ಸದ್ದು ಮಾಡುವ ಡ್ರೈವರ್ ಎರಡೂ ಚೆನ್ನಾಗಿಯೇ ಇದ್ದವು. ಇತ್ತ ಕಪಾಟಿನ ಮೇಲೆ ಇನ್ನೊಂದು ಹಳೆಯ ಹೆಡ್‌ಸೆಟ್ ಬಿದ್ದಿತ್ತು. ಅದರ ಬ್ಯಾಂಡ್ ಉಕ್ಕಿನ ಪಟ್ಟಿಯದು, ಕಪ್ ದಪ್ಪ ಪ್ಲಾಸ್ಟಿಕ್ಕಿನದು, ಒಳಗಿನ ಡ್ರೈವರ್ ಮಾತ್ರ ಸತ್ತಿತ್ತು. ಇದರ ಜೀವ ತೆಗೆದು ಅದರ ದೇಹಕ್ಕೆ ಹಾಕುವುದು ಅಂತ ಒಂದು ಶನಿವಾರ ಕೂತೆ.

ಮೊದಲು ಲ್ಯಾಮಿಂಗ್ಟನ್ ರೋಡ್. ಬೋರ್ಡಿನಲ್ಲಿ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಅಂತ ಇದ್ದರೂ ಎಲೆಕ್ಟ್ರಾನಿಕ್ಸ್ ಬೇಕಾದವರು ಕೇಳುವುದು ಹಳೆಯ ಹೆಸರನ್ನೇ. ದಾದರಿನಲ್ಲಿ ಇಳಿದು ವೆಸ್ಟರ್ನ್ ಲೈನ್ ಹಿಡಿದು ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹೋದರೆ ಆಮೇಲೆ ನಡೆದೇ ತಲುಪಬಹುದು. ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ, ಅದಕ್ಕೇ ಶನಿವಾರ. 3.5 ಮಿ.ಮೀ. ಜ್ಯಾಕ್, ಮೆತ್ತನೆಯ ವೈರ್, ಎರಡು ಪುಟ್ಟ ಮೈಕ್ ಕ್ಯಾಪ್ಸೂಲ್ ತೆಗೆದುಕೊಂಡೆ. ಕ್ಯಾಪ್ಸೂಲ್ ನೋಡಲು ಶರ್ಟಿನ ಗುಂಡಿಗಿಂತ ಚಿಕ್ಕದು. ಅಂಗಡಿಯವನು ಇದರಲ್ಲಿ ಏನು ಮಾಡುತ್ತೀರಿ ಅಂತಲೂ ಕೇಳಲಿಲ್ಲ. ಅಲ್ಲಿ ಎಲ್ಲರೂ ಏನೋ ಒಂದು ಮಾಡುತ್ತಲೇ ಇರುತ್ತಾರೆ. ಇಯರ್ ಪ್ಯಾಡ್ ಎರಡು ತರಹದ್ದು ಕೊಂಡೆ. ಒಂದು ರೆಕ್ಸಿನ್ನಿನ ಹಾಗೆ ಕಾಣುವ ಪಿಯು ಲೆದರ್, ಇನ್ನೊಂದು ವೆಲ್ವೆಟ್ ಬಟ್ಟೆಯದು. ಮುಂಬೈಯ ಗಾಳಿಯ ತೇವಕ್ಕೂ ಬೆವರಿಗೂ ಪಿಯು ಹೆಚ್ಚು ಬಾಳುವುದಿಲ್ಲ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಕಪ್ಪು ಪೊರೆ ಎದ್ದು ಕಿವಿಗೂ ಕೆನ್ನೆಗೂ ಅಂಟುತ್ತದೆ. ಆದರೂ ಅದನ್ನೇ ಹಾಕಬೇಕಾಯಿತು, ಕಾರಣ ಮುಂದೆ ಬರುತ್ತದೆ.

ಊಟ ಮುಗಿಸಿ ಅಡುಗೆಮನೆಯ ಕಟ್ಟೆಯ ಮೇಲೆ ಸಾಮಾನು ಹರಡಿದೆ. ಅಮ್ಮ "ಎಂತ ಮಾರಾಯ, ಇಲ್ಲೇ ಆಗ್ಬೇಕಾ ನಿನ್ನ ಕೆಲಸ?" ಅಂದರು. ಹೆಡ್‌ಫೋನಿಗೂ ಅಡುಗೆಮನೆಗೂ ಹಳೆಯ ನಂಟು. 1910ರಲ್ಲಿ ಅಮೆರಿಕದ ಯೂಟಾದಲ್ಲಿ ನೆಥೇನಿಯಲ್ ಬಾಲ್ಡ್ವಿನ್ ಅನ್ನುವವನು ತನ್ನ ಅಡುಗೆಮನೆಯಲ್ಲೇ ಹೆಡ್‌ಫೋನ್ ಮಾಡಿ ಅಲ್ಲಿನ ನೌಕಾಪಡೆಗೆ ಕಳಿಸಿದ್ದ. ಇದನ್ನು ಅಮ್ಮನಿಗೆ ಹೇಳಿದೆ. ಕುಕ್ಕರ್ ಇಡಲಿಕ್ಕೆ ಜಾಗ ಬಿಡು ಅಂದರು.

ಡ್ರೈವರ್ ಅಂದರೆ 40 ಮಿ.ಮೀ. ಅಗಲದ ಪುಟ್ಟ ಸ್ಪೀಕರ್. ಮುಂದೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ, ಅದೇ ಡಯಾಫ್ರಮ್. ಅದಕ್ಕೆ ಅಂಟಿದ ಕೂದಲೆಳೆಯಷ್ಟು ಸಪೂರ ತಂತಿಯ ಸುರುಳಿ. ನಡುವೆ ನಿಯೋಡಿಮಿಯಂ ಮ್ಯಾಗ್ನೆಟ್. ಈ ಮ್ಯಾಗ್ನೆಟ್ ಭಾರಿ ಪೋಕರಿ. ಸ್ಕ್ರೂಡ್ರೈವರ್ ಹತ್ತಿರ ತಂದರೆ ಸಾಕು, ಟಕ್ಕನೆ ಎಳೆದುಕೊಳ್ಳುತ್ತದೆ. ತುದಿ ಡಯಾಫ್ರಮ್‌ಗೆ ಚುಚ್ಚಿದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಕೆಲಸದುದ್ದಕ್ಕೂ ಡ್ರೈವರಿನ ಮುಖಕ್ಕೆ ಕಾರ್ಡ್‌ಬೋರ್ಡಿನ ಚೂರು ಮುಚ್ಚಿಟ್ಟಿದ್ದೆ. ಮೀಟರ್ ಹಚ್ಚಿ ಸುರುಳಿಯ ರೋಧ ನೋಡಿದರೆ ಎರಡೂ 30 ಓಮ್ ಆಸುಪಾಸು ತೋರಿಸಿದವು. ಹಿಂಬದಿ ಬರೆದದ್ದು 32. ಸರಿಯಿದೆ. ಆದರೆ ಬಲಗಡೆಯದು ತಗ್ಗು ಸ್ವರದಲ್ಲಿ ಮಾತ್ರ ಜೇನ್ನೊಣ ಸಿಕ್ಕಿಬಿದ್ದಂತೆ ಜುಂಯ್ ಅನ್ನುತ್ತಿತ್ತು. ಟಾರ್ಚ್ ಹಿಡಿದು ನೋಡಿದರೆ ಜಾಲರಿಯ ತೂತಿನಿಂದ ಒಳಗೆ ಹೋದ ಒಂದು ಕೂದಲು. ನನ್ನದೇ ತಲೆಯದು, ಅರ್ಧ ಬಿಳಿ. ಅದರ ತುದಿ ಡಯಾಫ್ರಮ್‌ಗೆ ತಾಗುತ್ತಿತ್ತು. ಪ್ಲಾಸ್ಟಿಕ್ ಚಿಮಟದಲ್ಲಿ ಎಳೆದು ತೆಗೆದ ಮೇಲೆ ಆ ಸದ್ದು ನಿಂತಿತು.

ಹಳೆಯ ಕೇಬಲ್ಲನ್ನು ಕತ್ತರಿಸಿ ನೋಡಿದವರಿಗೆ ಗೊತ್ತು, ಒಳಗಿನ ತಂತಿಗೆ ಬಣ್ಣದ ಲೇಪ ಇರುತ್ತದೆ. ಕೆಂಪು, ಹಸಿರು, ತಾಮ್ರದ ಬಣ್ಣ. ನಡುವೆ ನೂಲಿನ ಎಳೆಗಳೂ ಇರುತ್ತವೆ. ಆ ಲೇಪವೇ ಇನ್ಸುಲೇಷನ್. ಸುಮ್ನೆ ಸೋಲ್ಡರ್ ಮಾಡಿದರೆ ಹಿಡಿಯುವುದಿಲ್ಲ. ಐರನ್ನಿನ ತುದಿಯಲ್ಲಿ ಸೀಸದ ಹನಿ ಇಟ್ಟುಕೊಂಡು ತಂತಿಯ ತುದಿಯನ್ನು ಅದರಲ್ಲೇ ಮುಳುಗಿಸಿ ಹಿಡಿಯಬೇಕು. ಸಣ್ಣ ಹೊಗೆ ಎದ್ದು ಲೇಪ ಸುಟ್ಟು ತಂತಿ ಬೆಳ್ಳಗೆ ಹೊಳೆಯುತ್ತದೆ. ಜ್ಯಾಕಿನಲ್ಲಿ ತುದಿ ಎಡಕಿವಿಗೆ, ನಡುವಿನ ಉಂಗುರ ಬಲಕಿವಿಗೆ, ಬುಡ ಎರಡಕ್ಕೂ ಸೇರಿ. ಇದರ ಜೊತೆ ಇನ್ನೊಂದು ಪರೀಕ್ಷೆ ಬಿಡಬಾರದು. ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಡ್ರೈವರಿಗೆ ಒಂದು ಕ್ಷಣ ಮುಟ್ಟಿಸಿದರೆ ಡಯಾಫ್ರಮ್ ಮುಂದಕ್ಕೋ ಹಿಂದಕ್ಕೋ ಜಿಗಿಯುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣಿಸುತ್ತದೆ. ಎರಡೂ ಒಂದೇ ಕಡೆಗೆ ಜಿಗಿಯಬೇಕು. ಒಂದು ಉಲ್ಟಾ ಆದರೆ ತಲೆಯ ನಡುವೆ ಕೇಳಬೇಕಾದ ಭಾಗವತರ ಸ್ವರ ಎಲ್ಲೋ ಚದುರಿಹೋಗುತ್ತದೆ.

ಡ್ರೈವರನ್ನು ಕಪ್ಪಿಗೆ ಕೂರಿಸಲು ನಡುವೆ ಒಂದು ತಟ್ಟೆ ಬೇಕು. ನಮ್ಮ ಗಲ್ಲಿಯ ನೇಮ್‌ಪ್ಲೇಟ್ ಮಾಡುವವನ ಹತ್ತಿರ 3 ಮಿ.ಮೀ. ಆಕ್ರಿಲಿಕ್ಕಿನ ಉಳಿದ ತುಂಡುಗಳಿದ್ದವು. ನಡುವೆ 40 ಮಿ.ಮೀ. ತೂತು ಕೊರೆದು ಎರಡು ವೃತ್ತ ಮಾಡಿಕೊಟ್ಟ. ಯಾರದೋ ಹೆಸರಿನ ಅರ್ಧ ಅಕ್ಷರ ಇನ್ನೂ ಅದರ ಮೇಲೆ ಇತ್ತು. ತಟ್ಟೆಯ ಅಂಚಿಗೆ ಸುತ್ತಲೂ ಎಂ-ಸೀಲ್ ಮೆತ್ತಿದೆ, ನಲ್ಲಿ ಸೋರಿದಾಗ ಹಚ್ಚುತ್ತೇವಲ್ಲ, ಅದೇ. ಇಲ್ಲಿಯೂ ಕೆಲಸ ಸೋರಿಕೆ ನಿಲ್ಲಿಸುವುದೇ, ನೀರಿನದ್ದಲ್ಲ, ಗಾಳಿಯದ್ದು.

ಸಂಜೆಗೆ ಭಾವ ಬಂದರು. ಅವರು ಕೆಳಗಿನ ಮಹಡಿಯಲ್ಲಿದ್ದಾರೆ. ಹಿಂದೆಲ್ಲ ಮುಂಬೈಯ ಹವ್ಯಾಸಿ ಮೇಳಗಳಲ್ಲಿ ಮದ್ದಳೆ ಬಾರಿಸುತ್ತಿದ್ದರು. ಈಗ ಬೆರಳು ನೋವು ಅಂತ ಬಿಟ್ಟಿದ್ದಾರೆ, ಕಿವಿ ಮಾತ್ರ ಬಿಟ್ಟಿಲ್ಲ. ತಾಳಮದ್ದಳೆಯ ಒಂದು ರೆಕಾರ್ಡಿಂಗ್ ಹಾಕಿ ಅವರ ತಲೆಗೆ ಹೆಡ್‌ಫೋನ್ ಇಟ್ಟೆ. ಕಣ್ಣು ಮುಚ್ಚಿದರು. ಅರ್ಧ ಪದ್ಯ ಆಗುವುದರೊಳಗೆ ತೆಗೆದರು.

"ಇದೆಂತ ಮಾರಾಯ, ಮದ್ದಳೆಯಾ ಬ್ಯಾಂಡಿನ ಡ್ರಮ್ಮಾ? ಬರೀ ಗುಂ ಗುಂ. ಬೆರಳು ಬಿದ್ದದ್ದೇ ಕೇಳ್ಸುದಿಲ್ಲ."

"ಇನ್ನೂ ಟ್ಯೂನ್ ಮಾಡ್ಲಿಲ್ಲ ಭಾವ."

"ಹೆಡ್‌ಫೋನಿಗೂ ಶ್ರುತಿ ಮಾಡ್ಲಿಕ್ಕುಂಟಾ?"

ಉಂಟು. ನನ್ನ ಪ್ರಕಾರ ಕ್ಲೋಸ್ಡ್ ಹೆಡ್‌ಫೋನಿನಲ್ಲಿ ನಾವು ಕೇಳುವುದು ಡ್ರೈವರನ್ನಲ್ಲ, ಅದು ಕೂತ ಗೂಡನ್ನು. ಅದೇ ಡ್ರೈವರ್ ಹಳೆಯ ಕಪ್ಪಿನಲ್ಲಿ ಸಭ್ಯವಾಗಿತ್ತು, ಇಲ್ಲಿ ಗುಂ ಗುಂ. ಯಾಕೆ ಅಂದರೆ ಹಿಂಬದಿ ಮುಚ್ಚಿದ ಗಾಳಿ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಗೂಡು ಚಿಕ್ಕದಾದಷ್ಟೂ ಸ್ಪ್ರಿಂಗ್ ಬಿಗಿ. ಬಿಗಿಯಾದಷ್ಟೂ ಡ್ರೈವರಿನ ಸಹಜ ಕಂಪನ ಮೇಲಕ್ಕೆ ಹೋಗುತ್ತದೆ. ಆಳದ ಬೇಸ್, ಅಂದರೆ ತೀರಾ ತಗ್ಗು ಸ್ವರ, ಕಡಿಮೆಯಾಗಿ ಅದಕ್ಕಿಂತ ಸ್ವಲ್ಪ ಮೇಲಿನ ಜಾಗ ಉಬ್ಬುತ್ತದೆ. ಮದ್ದಳೆಯ ಮೈಯೆಲ್ಲ ಇರುವುದು ಅಲ್ಲೇ ಅಲ್ವಾ. ಮೇಲಾಗಿ ಡ್ರೈವರಿನ ಹಿಂದಿನ ತೂತುಗಳ ಮೇಲೆ ಒಂದು ತೆಳು ಕಾಗದ ಇರುತ್ತದೆ. ಗಾಳಿ ನಿಧಾನ ಹಾಯುವಂತೆ ತಡೆದು ಡಯಾಫ್ರಮ್ಮಿನ ಅತಿಯಾಟ ನಿಲ್ಲಿಸುವುದು ಅದೇ. ಹಳೆಯ ಕಪ್ಪಿನಿಂದ ಕೀಳುವಾಗ ಅದು ಕಿತ್ತುಬಂದಿತ್ತು.

ಮೆಡಿಕಲ್ ಅಂಗಡಿಯ ಮೈಕ್ರೋಪೋರ್ ಟೇಪ್ ಇದಕ್ಕೆ ಹೇಳಿ ಮಾಡಿಸಿದ್ದು. ಗಾಯಕ್ಕೆ ಹಚ್ಚುವ ಬಿಳಿ ಪೇಪರ್ ಟೇಪ್. ಗಾಳಿ ಹಾಯುತ್ತದೆ, ಆದರೆ ಸಲೀಸಾಗಿ ಅಲ್ಲ. ಒಂದು ಪದರ ಹಚ್ಚಿ ಕೇಳಿದಾಗ ಉಬ್ಬು ತಗ್ಗಿತು. ಎರಡನೆಯ ಪದರಕ್ಕೆ ಮದ್ದಳೆ ಬಡಕಲಾಯಿತು. ಒಂದನ್ನೇ ಉಳಿಸಿದೆ. ಆಮೇಲೆ ಕಪ್ಪಿನ ಹಿಂಬದಿಯಲ್ಲಿ ಸೂಜಿ ಕಾಯಿಸಿ ಸಣ್ಣ ತೂತು ಮಾಡಿ ಅದಕ್ಕೂ ಟೇಪು ಹಚ್ಚಿದೆ. ಸ್ಪ್ರಿಂಗ್ ಸ್ವಲ್ಪ ಸಡಿಲವಾಗಿ ಆಳದ ಬೇಸ್ ಮರಳಿತು. ತಮಾಷೆ ಏನೆಂದರೆ, ಹಿಂಬದಿ ತೂತು ಮಾಡಿದರೆ ಬೇಸ್ ಜಾಸ್ತಿಯಾಗುತ್ತದೆ, ಕಿವಿಯ ಕಡೆ ಸಂದಿ ಬಿಟ್ಟರೆ ಬೇಸ್ ಓಡಿಹೋಗುತ್ತದೆ. ವೆಲ್ವೆಟ್ ಪ್ಯಾಡ್ ಸೋತದ್ದು ಅಲ್ಲಿಯೇ. ಬಟ್ಟೆಯ ಮೂಲಕ ಗಾಳಿ ಸೋರುತ್ತದೆ. ಸೆಕೆಗೆ ಎಷ್ಟೇ ಹಿತವಾದರೂ ಮದ್ದಳೆ ದೂರದ ಬಯಲಿನಲ್ಲಿ ಬಾರಿಸಿದಂತೆ ಕೇಳಿಸಿತು. ನನಗೆ ಕನ್ನಡಕ ಬೇರೆ. ಅದರ ಕಡ್ಡಿ ಪ್ಯಾಡಿನ ಕೆಳಗೆ ಸಂದಿ ಮಾಡುತ್ತದೆ. ಕಪ್ಪನ್ನು ಕೈಯಲ್ಲಿ ಒತ್ತಿದರೆ ಬೇಸ್ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಮೆತ್ತಗಿನ, ದಪ್ಪ ಪಿಯು ಪ್ಯಾಡ್ ಕಡ್ಡಿಯ ಸುತ್ತ ಕೂತುಕೊಳ್ಳುತ್ತದೆ. ಪೊರೆ ಏಳಲಿ, ಮತ್ತೆ ಕೊಂಡರಾಯಿತು.

ಬೇಸ್ ಸರಿಯಾದ ಮೇಲೆ ಇನ್ನೊಂದು ಕಾಟ ಕಾಣಿಸಿತು. ಚೆಂಡೆ ಕಿರುಚುತ್ತಿತ್ತು, ಭಾಗವತರ ಸ್ವರ ಟೊಳ್ಳು. ಇದಕ್ಕೆ ಲೆಕ್ಕ ಹಾಕಬಹುದು. ಕಪ್ಪಿನ ಒಳಗೆ ಎದುರುಬದುರು ಗೋಡೆಗಳ ನಡುವೆ 6 ಸೆಂ.ಮೀ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಷ್ಟು ಜಾಗದಲ್ಲಿ ಅರ್ಧ ಅಲೆ ಸರಿಯಾಗಿ ಹಿಡಿಸುವುದು 2,850 ಹರ್ಟ್ಜ್ ಹತ್ತಿರ. ಆ ಸ್ವರ ಗೋಡೆಗೆ ಬಡಿದು ವಾಪಸು ಬಂದು ತನಗೆ ತಾನೇ ಬಲ ಕೊಟ್ಟುಕೊಳ್ಳುತ್ತದೆ. ಮನುಷ್ಯರ ಕಿವಿಯ ಕೊಳವೆಯೂ ಹೆಚ್ಚುಕಮ್ಮಿ 3,000 ಹರ್ಟ್ಜ್ ಸುತ್ತಮುತ್ತಲೇ ಸದ್ದನ್ನು ದೊಡ್ಡದು ಮಾಡುತ್ತದೆ. ಎರಡೂ ಸೇರಿದರೆ ಕೇಳಬೇಕೇ? ಮದ್ದು ಅರಳೆ. ಗೋಡೆಗೆ ಹಳೆಯ ಉಣ್ಣೆ ಶಾಲಿನ ತುಂಡು ಅಂಟಿಸಿ, ಮಧ್ಯೆ ಹತ್ತಿಯನ್ನು ಚೆನ್ನಾಗಿ ಹಿಂಜಿ ಹಗುರವಾಗಿ ತುಂಬಿದೆ. ಗಟ್ಟಿ ತುರುಕಿದರೆ ಗೂಡು ಇನ್ನೂ ಚಿಕ್ಕದಾಗಿ ಮೊದಲಿನ ಗುಂ ಗುಂ ವಾಪಸು ಬರುತ್ತದೆ. ಚಿಟಿಕೆ ಹತ್ತಿ ತೆಗೆಯುವುದು, ಮುಚ್ಚುವುದು, ಕೇಳುವುದು. ಮತ್ತೆ ಬಿಚ್ಚುವುದು. ಭಾವ ಪ್ರತಿ ಸಲವೂ ಅದೇ ಪದ್ಯ ಕೇಳಿ "ಹ್ಞಾಂ, ಈಗ ಸ್ವಲ್ಪ" ಅಥವಾ "ಇಲ್ಲ, ಹಾಳಾಯ್ತು" ಅನ್ನುತ್ತಿದ್ದರು. ಅಮ್ಮ ತಂದಿಟ್ಟ ಚಹಾ ತಣ್ಣಗಾಯಿತು.

ಕಿವಿ ದಣಿಯುತ್ತದೆ. ಒಂದೇ ಪದ್ಯ ಕೇಳಿ ಕೇಳಿ ಎಲ್ಲವೂ ಸರಿ ಅನಿಸತೊಡಗುತ್ತದೆ. ಆಗ ಮೈಕ್ ಕ್ಯಾಪ್ಸೂಲ್ ಹೊರಗೆ ಬಂತು. ಉಳಿದ ಆಕ್ರಿಲಿಕ್ಕಿನ ನಡುವೆ ತೂತು ಮಾಡಿ ಅದನ್ನು ಕೂರಿಸಿ, ಮೇಲೆ ಹೆಡ್‌ಫೋನ್ ಒತ್ತಿಟ್ಟು, ಕಂಪ್ಯೂಟರಿನಲ್ಲಿ ರೂಮ್ ಈಕ್ಯೂ ವಿಝಾರ್ಡ್ ಅನ್ನುವ ಉಚಿತ ಸಾಫ್ಟ್‌ವೇರ್ ಓಡಿಸಿದೆ. 20ರಿಂದ 20,000 ಹರ್ಟ್ಜ್‌ವರೆಗೆ ಸ್ವರ ಜಾರುತ್ತ ಹೋಗುತ್ತದೆ, ಪರದೆಯಲ್ಲಿ ಗೆರೆ ಮೂಡುತ್ತದೆ. ಚಪ್ಪಟೆ ಹಲಗೆ ಕಿವಿಯಲ್ಲ, ಹಾಗಾಗಿ ಆ ಗೆರೆ ಪೂರ್ತಿ ಸತ್ಯವೂ ಅಲ್ಲ. ಆದರೆ ಎಡ ಬಲ ಹೋಲಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಬಲಗಡೆ ತಗ್ಗು ಸ್ವರಗಳಲ್ಲಿ ಗೆರೆ ಒಮ್ಮೆಲೇ ಕುಸಿದಿತ್ತು. ಹುಡುಕಿದರೆ ವೈರ್ ಒಳಗೆ ಹೋಗುವ ತೂತಿನ ಪಕ್ಕ ಎಂ-ಸೀಲ್ ಬಿರುಕು ಬಿಟ್ಟು, ತಟ್ಟೆಯ ಹಿಂದಿನಿಂದ ಮುಂದಕ್ಕೆ ಗಾಳಿ ಹೋಗುತ್ತಿತ್ತು. ಉಗುರಿನ ಅಂಚಿನಷ್ಟು ಬಿರುಕು. ಮೆತ್ತಿದ ಮೇಲೆ ಎರಡೂ ಗೆರೆ ಹತ್ತಿರ ಬಂದವು. ಮೇಲಿನ ಸ್ವರಗಳಲ್ಲಿ ಇನ್ನೂ ಒಂದೆರಡು ಡೆಸಿಬಲ್ ವ್ಯತ್ಯಾಸ ಇದೆ. ಭಾವನ ಕಿವಿಗೆ ಗೊತ್ತಾಗಲಿಲ್ಲ, ನಾನೂ ಕೆದಕಲಿಲ್ಲ.

"ಈಗ ಬೆರಳು ಕೇಳ್ತದೆ," ಅಂದರು ಭಾವ. ಆಮೇಲೆ ಹೆಡ್‌ಫೋನ್ ತೆಗೆಯದೆ ಜೋರಾಗಿ, "ಇವ್ನು ಇಲ್ಲಿ ತಾಳ ತಪ್ಪಿಸಿದ್ದಾನೆ ನೋಡು!" ಅಂತ ಮೂವತ್ತು ವರ್ಷ ಹಿಂದಿನ ಯಾವುದೋ ಮದ್ದಳೆಗಾರನಿಗೆ ಬೈದರು. ಸದ್ದು ಹೊರಗೆ ಬರುತ್ತಿರಲಿಲ್ಲವಾದ್ದರಿಂದ ಅಮ್ಮನಿಗೆ ಯಾರಿಗೆ ಬೈಯುತ್ತಿದ್ದಾರೆ ಅಂತಲೇ ತಿಳಿಯಲಿಲ್ಲ.

ಸೋಮವಾರ ಲೋಕಲ್‌ನಲ್ಲಿ ಹಾಕಿಕೊಂಡೆ. ಜನರ ಮಾತು, ಮಾರುವವರ ಕೂಗು ಚೆನ್ನಾಗಿಯೇ ತಗ್ಗಿತು. ಚಕ್ರದ ಗಡಗಡ ಮಾತ್ರ ಅಷ್ಟಾಗಿ ಇಲ್ಲ. ತಗ್ಗು ಸ್ವರಗಳನ್ನು ಬರೀ ಪ್ಲಾಸ್ಟಿಕ್ಕಿನಿಂದ ತಡೆಯುವುದು ಕಷ್ಟ. ಮನೆಯಲ್ಲಿ ಸರಿಯಾಗಿದ್ದ ಮದ್ದಳೆ ಆ ಗಡಗಡದಲ್ಲಿ ಮುಳುಗಿತು. ಫೋನಿನ ಈಕ್ವಲೈಜರಿನಲ್ಲಿ 100 ಹರ್ಟ್ಜ್ ಕೆಳಗೆ 4 ಡೆಸಿಬಲ್ ಏರಿಸಿ ಒಂದು ಸೆಟ್ಟಿಂಗ್ ಉಳಿಸಿಟ್ಟಿದ್ದೇನೆ, ಡೊಂಬಿವಲಿ ಅಂತ ಹೆಸರು ಕೊಟ್ಟು. ಮನೆಗೆ ಬಂದ ಮೇಲೆ ಅದನ್ನು ತೆಗೆಯುತ್ತೇನೆ.

ಉಳಿದಿರುವುದು ಕೇಬಲ್ಲಿನ ಕೆಲಸ. ಈಗ ಅದು ಕಪ್ಪಿಗೇ ಸೋಲ್ಡರ್ ಆಗಿದೆ. ಕುರ್ಲಾದಲ್ಲಿ ಇಳಿಯುವವರೊಬ್ಬರ ಬ್ಯಾಗಿನ ಕೊಕ್ಕೆಗೆ ಸಿಕ್ಕಿ ಎಳೆದಾಗ ನನ್ನ ತಲೆಯೂ ಜೊತೆಗೆ ಇಳಿಯುವುದರಲ್ಲಿತ್ತು. ಕಪ್ಪಿಗೆ ಒಂದು ಸಾಕೆಟ್ ಹಾಕಿದರೆ ಎಳೆದಾಗ ಕೇಬಲ್ ಕಳಚಿಕೊಳ್ಳುತ್ತದೆ. ಆದರೆ ಸಾಕೆಟ್ಟಿಗೆ ಹೊಸ ತೂತು ಬೇಕು. ತೂತು ಅಂದರೆ ಸೋರಿಕೆ, ಸೋರಿಕೆ ಅಂದರೆ ಟೇಪ್, ಹತ್ತಿ, ಮೈಕು, ಭಾವ, ಎಲ್ಲ ಮತ್ತೆ ಮೊದಲಿನಿಂದ. ಸಾಕೆಟ್ ತಂದಿಟ್ಟಿದ್ದೇನೆ. ಭಾವ ಊರಿಗೆ ಹೋಗಿದ್ದಾರೆ, ಬರಲಿ.