ಪ್ಲಂಬರ್ ಮನೆಯಲ್ಲಿ ಇನ್ನೂ ಕಾಯುತ್ತಿರುವ ಗೀಸರ್

ಗುಜರಿಗೆ ಹಾಕಿ ಎಂದು ನಾನೇ ಸಹಿ ಮಾಡಿ ಕಳಿಸಿದ ಗೀಸರ್ ಇವತ್ತಿಗೂ ನಮ್ಮ ಪ್ಲಂಬರ್ ಮನೆಯಲ್ಲಿ ಬಿಸಿನೀರು ಕೊಡುತ್ತಿದೆ. ಅದರ ಜಾಗಕ್ಕೆ ಹಾಕಿಸಿದ ಹೊಸದು ಹದಿನಾಲ್ಕು ತಿಂಗಳಿಗೇ ಕೈಕೊಟ್ಟಿತು.

ಬೆಂಗಳೂರಿನ ಸರ್ಜಾಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಮಾಲೀಕರ ನಾಲ್ಕು ಫ್ಲ್ಯಾಟುಗಳು ನನ್ನ ಉಸ್ತುವಾರಿಯಲ್ಲಿವೆ. ಮೇಡಂ ಹಾಸನದ ಕಡೆಯವರು, ಇರುವುದು ಅಮೆರಿಕದಲ್ಲಿ. 2024ರ ಬೇಸಿಗೆಯಲ್ಲಿ, ಊರೆಲ್ಲ ಟ್ಯಾಂಕರ್ ಹಿಂದೆ ಓಡುತ್ತಿದ್ದಾಗ, ಮೂರು ಮನೆಗಳಿಂದ ಒಂದೇ ದೂರು ಬಂತು: ನೀರು ಕಾಯುವುದು ತಡವಾಗುತ್ತಿದೆ. ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ನಮ್ಮ ಕಂಪನಿಯ ಆ್ಯಪ್‌ನಲ್ಲಿ 48 ಗಂಟೆಯೊಳಗೆ ದೂರಿನ ಟಿಕೆಟ್ ಮುಚ್ಚದಿದ್ದರೆ ಹೆಸರಿನ ಪಕ್ಕ ಕೆಂಪು ಚುಕ್ಕೆ ಬೀಳುತ್ತದೆ. ಗೀಸರ್ ಇಳಿಸಿ, ನೀರು ಕಾಯಿಸುವ ಎಲಿಮೆಂಟ್ ಬಿಚ್ಚಿ, ಸುಣ್ಣ ತೆಗೆದು, ಗ್ಯಾಸ್ಕೆಟ್ ತರಿಸಿ ಮತ್ತೆ ಕೂರಿಸಲು ಎರಡು ಭೇಟಿ ಬೇಕು. ಹೊಸದು ಹಾಕಿಸಿದರೆ ಒಂದೇ ಭೇಟಿ, ಒಂದು ಫೋಟೊ, ಹಸಿರು ಚುಕ್ಕೆ. ಈ ಆ್ಯಪ್ ಮಾಡಿದವರು ಜೀವನದಲ್ಲಿ ಒಮ್ಮೆಯೂ ಪಾನಾ ಹಿಡಿದವರಲ್ಲ.

ಕೆಂಪು ಚುಕ್ಕೆಯ ಭಯವನ್ನು ನಾನು ಮೇಡಂಗೆ ಹೂಡಿಕೆಯ ಭಾಷೆಯಲ್ಲಿ ವಿವರಿಸಿದೆ. ನಾಲ್ಕೂ ಮನೆಗೆ 25 ಲೀಟರಿನದು, ತಲಾ 11,400 ರೂಪಾಯಿಯಂತೆ ಒಟ್ಟು 45,600. ಕರಾರು ನವೀಕರಿಸುವಾಗ ಮನೆಗೆ 500 ರೂಪಾಯಿ ಬಾಡಿಗೆ ಏರಿಸಿದರೆ 23 ತಿಂಗಳಲ್ಲಿ ಹಣ ವಾಪಸ್. ಸಾಲದ್ದಕ್ಕೆ, 'ಬಿಲ್ ಜೋಪಾನವಾಗಿಡಿ ಮೇಡಂ, ತೆರಿಗೆಯಲ್ಲಿ ಕಳೆಯಬಹುದು' ಎಂದೂ ಸೇರಿಸಿದೆ. ಅದು ತಪ್ಪು. ಬಾಡಿಗೆ ಆದಾಯದಲ್ಲಿ ರಿಪೇರಿ ಇತ್ಯಾದಿಗೆಂದು ಶೇ 30ರಷ್ಟನ್ನು ಸಾರಾಸಗಟಾಗಿ ಬಿಡುತ್ತಾರೆ; ನೀವು ಒಂದು ರೂಪಾಯಿ ಖರ್ಚು ಮಾಡಿದರೂ ಅಷ್ಟೇ, ಲಕ್ಷ ಸುರಿದರೂ ಅಷ್ಟೇ. ಮುಂದೆ ಅವರ ಆಡಿಟರ್ ಇದನ್ನು ನನಗೆ ಬಹಳ ಮೃದುವಾಗಿ ತಿಳಿಸಿದರು. ಬೈದಿದ್ದರೆ ವಾಸಿಯಿತ್ತು.

ಹಳೆಯವನ್ನು ಇಳಿಸುವಾಗ ಪ್ಲಂಬರ್ ಒಂದನ್ನು ತಟ್ಟಿ ನೋಡಿ, 'ಸರ್, ಟ್ಯಾಂಕ್ ಗಟ್ಟಿಯಾಗಿದೆ' ಎಂದರು. 'ನಾಳೆ ಮತ್ತೆ ದೂರು ಬಂದರೆ ನೀವು ಉತ್ತರ ಕೊಡುತ್ತೀರಾ?' ಎಂದೆ. ಅವರು ಸುಮ್ಮನಾದರು. ಗುಜರಿಯ ಬೆಲೆ ಕೊಟ್ಟು ಅದನ್ನು ತಾವೇ ಒಯ್ದರು.

ಮರು ವರ್ಷದ ಜುಲೈ. ಬೆಳಿಗ್ಗೆ ಆರೂ ಹತ್ತಕ್ಕೆ ಮೂರನೇ ಮಹಡಿಯಿಂದ ಫೋನ್: 'ನಮ್ಮ ಮನೆಗೆ ಮಾತ್ರ ಕರೆಂಟ್ ಇಲ್ಲ.' ಎಲೆಕ್ಟ್ರಿಷಿಯನ್ ಜೊತೆ ಹೋದೆ. ಆರ್‌ಸಿಸಿಬಿ, ಅಂದರೆ ಮನೆಯ ಕರೆಂಟನ್ನು ತಾನಾಗಿ ಕಡಿಯುವ ಸುರಕ್ಷತಾ ಸ್ವಿಚ್, ಬಿದ್ದಿತ್ತು. ಎತ್ತಿದರೆ ನಿಲ್ಲುತ್ತದೆ, ಗೀಸರ್ ಸ್ವಿಚ್ ಒತ್ತಿದರೆ ಟಕ್ ಎಂದು ಬೀಳುತ್ತದೆ. ಗೀಸರ್ ಹೊಸದು, ಆರ್‌ಸಿಸಿಬಿ ಹಳೆಯದು. ನನ್ನ ತೀರ್ಪು ಅಷ್ಟರಲ್ಲೇ ಮುಗಿದಿತ್ತು. ಎಲೆಕ್ಟ್ರಿಷಿಯನ್ ಚೀಲದಲ್ಲಿದ್ದ ಹೊಸದನ್ನು 2,600 ರೂಪಾಯಿಗೆ ಹಾಕಿಸಿದೆ. ಸ್ವಿಚ್ ಒತ್ತಿದೆ. ಟಕ್.

ಒಳಗೆ ಜ್ವರದ ಮಗು ಅಳುತ್ತಿತ್ತು. ಬಾಡಿಗೆದಾರರು ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ನನ್ನನ್ನೇ ನೋಡುತ್ತಿದ್ದರು. ಎಲೆಕ್ಟ್ರಿಷಿಯನ್ ಕಿವಿಯ ಬಳಿ ಬಂದು, 'ಇವತ್ತಿನ ಮಟ್ಟಿಗೆ ಆರ್‌ಸಿಸಿಬಿ ಬೈಪಾಸ್ ಮಾಡಿ ನೇರ ಲೈನ್ ಕೊಟ್ಟುಬಿಡಲೇ ಸರ್?' ಎಂದು ಪಿಸುಗುಟ್ಟಿದ. ಬೇಡ ಎಂದು ನಾನು ತಕ್ಷಣ ಹೇಳಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಅರ್ಧ ನಿಮಿಷವಿರಬಹುದು. ಅವನು ಮೌನವನ್ನೇ ಒಪ್ಪಿಗೆ ಎಂದುಕೊಂಡು ಸ್ಕ್ರೂಡ್ರೈವರ್ ತೆಗೆದಿದ್ದ. ಆಗ ಮಗುವಿನ ತಾಯಿ ಅಡುಗೆಮನೆಯಿಂದಲೇ, 'ಮೊನ್ನೆಯಿಂದ ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಮ್ ಎನ್ನುತ್ತಿತ್ತು. ಇದಕ್ಕೂ ಅದಕ್ಕೂ ಏನಾದರೂ ಸಂಬಂಧವಿದೆಯೇ?' ಎಂದರು.

ನನ್ನ ಬೆನ್ನು ಬೆವೆತಿತು. 30 ಮಿಲಿಆಂಪ್ ಕರೆಂಟ್ ಸೋರಿದರೆ ಬೀಳಬೇಕೆಂದೇ ಆರ್‌ಸಿಸಿಬಿಯನ್ನು ಅಲ್ಲಿ ಕೂರಿಸಿರುವುದು. ಪಾಪದ್ದು ತನ್ನ ಕೆಲಸ ಮಾಡಿದ್ದಕ್ಕೆ ನಾನು ಅದನ್ನೇ ಕಿತ್ತು ಎಸೆದಿದ್ದೆ.

ಪ್ಲಂಬರ್ ಬಂದು ಗೀಸರಿನ ತಳ ಬಿಚ್ಚಿದರು. ಎಲೆ ಅಡಿಕೆ ಹಾಕುವವರಿಗೆ ವರ್ಷವಿಡೀ ಸಾಲುವಷ್ಟು ಸುಣ್ಣದ ಚಕ್ಕೆ ಬಕೆಟ್ಟಿಗೆ ಬಿತ್ತು. ಎಲಿಮೆಂಟಿನ ಮೇಲೆ ಬೆರಳು ದಪ್ಪದ ಬಿಳಿ ಪದರ, ಅದರಡಿ ತಾಮ್ರದ ಕೊಳವೆ ಬಿರುಕುಬಿಟ್ಟಿತ್ತು. ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುವ, ಹೆಬ್ಬೆರಳಿನಷ್ಟಿದ್ದ ಮೆಗ್ನೀಸಿಯಂ ಕಡ್ಡಿ ತಂತಿಯಷ್ಟಾಗಿತ್ತು. ಅವರು ನೀರಿಗೆ ಮೀಟರ್ ಅದ್ದಿದರು: ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಅಳತೆ, 1,340. ನಮ್ಮ ಕಚೇರಿಯಲ್ಲಿ ಟಿಡಿಎಸ್ ಎಂದರೆ ಅನಿವಾಸಿ ಮಾಲೀಕರ ಬಾಡಿಗೆಯಿಂದ ಹಿಡಿಯುವ ಶೇ 31.2ರ ತೆರಿಗೆ ಮಾತ್ರ. ಆ ಲೆಕ್ಕವನ್ನು ಪೈಸೆ ಬಿಡದೆ ಇಡುತ್ತೇವೆ. ನೀರನ್ನು ಅಳೆದವರು ಯಾರೂ ಇಲ್ಲ.

'ಸಾಫ್ಟ್‌ನರ್ ನಿಲ್ಲಿಸಿ ಒಂದು ವರ್ಷದ ಮೇಲಾಯಿತಲ್ಲ ಸರ್' ಎಂದರು ಪ್ಲಂಬರ್. ಸಾಫ್ಟ್‌ನರ್ ಎಂದರೆ ನೀರಿನ ಗಡಸುತನ ತೆಗೆಯುವ ಯಂತ್ರ. ಅದನ್ನು ಉಪ್ಪುನೀರಿನಲ್ಲಿ ತೊಳೆಯುವಾಗ ನೀರು ಪೋಲಾಗುತ್ತದೆಂದು ಬರಗಾಲದ ಆ ಬೇಸಿಗೆಯಲ್ಲಿ ಅಸೋಸಿಯೇಷನ್ ಅದನ್ನು ಬಂದ್ ಮಾಡಿತ್ತು. ಆಮೇಲೆ ಯಾರೂ ಶುರು ಮಾಡಿರಲಿಲ್ಲ. ಕೊಳವೆಬಾವಿಯ ನೀರು ನೇರವಾಗಿ ಮನೆಗಳಿಗೆ ಹೋಗುತ್ತಿತ್ತು. ನೋಟಿಸ್ ಲಿಫ್ಟಿನ ಪಕ್ಕದಲ್ಲೇ ಇತ್ತು, ಮಾಸಿ ಹಳದಿಯಾಗಿತ್ತು. ಹೊಸ ಗೀಸರುಗಳ ಪೆಟ್ಟಿಗೆಗಳನ್ನು ನಾನು ಅದೇ ಗೋಡೆಗೆ ಒರಗಿಸಿ ಫೋಟೊ ತೆಗೆದಿದ್ದೆ.

ವಾರಂಟಿಗೆ ಬಂದವನು ಸುಣ್ಣ ನೋಡಿ ಸಣ್ಣಕ್ಷರದ ಸಾಲೊಂದನ್ನು ತೋರಿಸಿ ಹೊರಟುಹೋದ. ಎಲಿಮೆಂಟು, ಕಡ್ಡಿ, ಕೂಲಿ ಸೇರಿ 1,900 ರೂಪಾಯಿಗೆ ಅಂದೇ ಸರಿಯಾಯಿತು. ಉಳಿದ ಮೂರಕ್ಕೆ ಬರೀ ಸುಣ್ಣ ತೆಗೆಸಿದರೆ ಸಾಕಾಯಿತು, ತಲಾ 700. ಮೊದಲ ಸಲವೇ ಮಾಡಿಸಬೇಕಿದ್ದ ಕೆಲಸ. ಈಗ ನನ್ನ ಚೀಲದಲ್ಲಿ ಒಂದು ಮೀಟರ್ ಇದೆ. ಆ್ಯಪ್‌ನಲ್ಲಿ ನೀರಿನ ಬಗ್ಗೆ ಒಂದು ಕಾಲಂ ಕೊಡಿ ಎಂದು ಬರೆದೆ. ಮುಂದಿನ ಆವೃತ್ತಿಯಲ್ಲಿ ಕೆಂಪು ಚುಕ್ಕೆ ಇನ್ನೂ ದೊಡ್ಡದಾಗಿ ಬಂತು.

ಮೇಡಂಗೆ ವಿಡಿಯೊ ಕರೆಯಲ್ಲಿ ಎಲ್ಲ ಹೇಳಿದೆ, ಬೈಪಾಸಿನ ಅರ್ಧ ನಿಮಿಷವನ್ನೂ ಬಿಡದೆ. 'ಹಳೆಯ ಗೀಸರುಗಳು ಎಲ್ಲಿವೆ?' ಎಂದು ಕೇಳಿದರು. ಮೂರು ಗುಜರಿಗೆ ಹೋದವು, ಒಂದು ಪ್ಲಂಬರ್ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದೆ, ಅವರ ಏರಿಯಾಕ್ಕೆ ಕಾವೇರಿ ನೀರು ಬರುತ್ತದೆ ಎಂದೆ. ಮೇಡಂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: 'ಅವರನ್ನೇ ನೇರವಾಗಿ ಇಟ್ಟುಕೊಂಡರೆ ತಿಂಗಳಿಗೆ ಎಷ್ಟು ಕೊಡಬೇಕಾಗಬಹುದು?'