ಕ್ಲಾಸಿಗೆ ಸೇರಿದ ಮೇಲೆ ಚಿತ್ರ ಯಾಕೆ ಕೆಡುತ್ತದೆ?

"ಅಕ್ಕಾರ, ಮೊದ್ಲ ಚಲೋ ತಗೀತಿದ್ದೆ. ಕ್ಲಾಸಿಗೆ ಹೊಂಟ ಮ್ಯಾಲೆ ಚಿತ್ರ ಎಲ್ಲಾ ಕೆಟ್ಟು ಹೋಗಾಕತ್ತಾವು. ಬಿಟ್ಟು ಬಿಡ್ಲೇನು?"

ನನ್ನ ಸ್ಕೆಚ್ ಪುಸ್ತಕ ನೋಡಿದವರಲ್ಲಿ ಒಬ್ಬರಾದರೂ ಹೀಗೆ ಕೇಳಿಯೇ ಕೇಳುತ್ತಾರೆ. ಬಿಡಬೇಡಿ. ನನಗೂ ಹೀಗೇ ಆಗಿತ್ತು.

ನಮ್ಮ ಗದಗ ಚಿತ್ರಕಲೆಯ ಊರು. ಕಲಾವಿದ ಟಿ.ಪಿ. ಅಕ್ಕಿಯವರು ಕಟ್ಟಿದ ಚಿತ್ರಕಲಾ ಶಾಲೆ, ವಿಜಯ ಕಲಾ ಮಂದಿರ, ಇಲ್ಲೇ ಇದೆ. ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಕಟ್ಟುವ ಮಕ್ಕಳೂ ಇದ್ದಾರೆ. ನಾನು ಮಾತ್ರ ಕೆಲಸಕ್ಕೆ ಸೇರಿದ ಮೇಲೆ, ತಡವಾಗಿ, ಒಂದು ಸಣ್ಣ ಸಂಜೆ ಕ್ಲಾಸಿಗೆ ಹೋದೆ.

ಅಲ್ಲಿವರೆಗೆ ನವಿಲು, ಗುಡ್ಡ, ತೆಂಗಿನ ಮರ ಎಲ್ಲ ಚೆಂದ ಬರುತ್ತಿದ್ದವು. ಕೈಗೆ ಬಾಯಿಪಾಠ ಆಗಿದ್ದವು, ಅಷ್ಟೇ. ಕ್ಲಾಸಿನಲ್ಲಿ ಸ್ಟೂಲಿನ ಮೇಲೆ ಒಂದು ಹಿತ್ತಾಳೆ ತಂಬಿಗೆ ಇಟ್ಟರು. ಅದನ್ನು ನೋಡಿ ತೆಗೆಯಬೇಕಿತ್ತು. ನಾನು ಅಲ್ಲಿವರೆಗೆ ಯಾವುದನ್ನೂ ನೋಡಿ ತೆಗೆದವಳೇ ಅಲ್ಲ!

ತಂಬಿಗೆಯ ಬಾಯಿ ದುಂಡಗಿರುತ್ತದೆ ಅಂತ ಗೊತ್ತು, ದುಂಡಗೇ ತೆಗೆದೆ. ಆದರೆ ಕೂತ ಜಾಗದಿಂದ ಕಾಣುತ್ತಿದ್ದುದು ಒತ್ತಿದ ಬಳೆಯಂಥ ಆಕಾರ. ತಳ ಸ್ಟೂಲಿನ ಮೇಲೆ ಸಮ ಕೂತಿದೆ ಅಂತ ನೇರ ಗೆರೆ ಎಳೆದೆ. "ತಳಾನೂ ಬಾಗಬೇಕು, ಬಾಯಿಗಿಂತ ಜಾಸ್ತಿ" ಅಂದರು ಸರ್. ಯಾಕೆ ಅಂತ ಹೇಳಲಿಲ್ಲ. ಮುಂದಿನ ವಾರ ಎದುರಿನ ವಸ್ತುವನ್ನು ಪೆನ್ಸಿಲ್ ಹಿಡಿದು ಅಳೆಯುವ ಪಾಠ. ಒಂದು ಕಣ್ಣು ಮುಚ್ಚಬೇಕು, ಕೈ ನೇರ ಚಾಚಬೇಕು, ಮೊಣಕೈ ಒಂಚೂರು ಮಡಚಿದರೂ ಅಳತೆ ತಪ್ಪುತ್ತದೆ. ಅದರ ಮುಂದಿನ ವಾರ ಶೇಡಿಂಗ್. ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಎಳೆದರೆ ಗೆರೆ ನಡುಗುತ್ತಿತ್ತು. ರಬ್ಬರಿನಿಂದ ತಿಕ್ಕಿ ತಿಕ್ಕಿ ಹಾಳೆ ತೂತು ಬಿತ್ತು. ಅವತ್ತು ಮನೆಗೆ ಬಂದು ಅತ್ತುಬಿಟ್ಟೆ.

ನನ್ನ ಸಿಟ್ಟು ಇರುವುದು ಇಲ್ಲೇ. ತಂತ್ರ ಕಲಿಸುವುದು ಬೇಕೇ ಬೇಕು. ಆದರೆ ಒಂದು ಕೈಗೆ ಹತ್ತುವ ಮೊದಲೇ ಇನ್ನೊಂದು ಹೇರುವುದು, ಕಾರಣ ಹೇಳದೆ ಬರೀ ನಿಯಮ ಹೇಳುವುದು ತಪ್ಪು.

ಕಾರಣ ನನಗೆ ಸಿಕ್ಕಿದ್ದು ಲಕ್ಕುಂಡಿಯಲ್ಲಿ. ಗದಗಿನಿಂದ ಸುಮಾರು 12 ಕಿ.ಮೀ. ಕಾಶಿವಿಶ್ವೇಶ್ವರ ಗುಡಿಯ ಎದುರಿಗೇ ನನ್ನೇಶ್ವರ ಗುಡಿ ಇದೆ, ಕಲ್ಯಾಣ ಚಾಲುಕ್ಯರ ಕಾಲದ್ದು. ಅಲ್ಲಿ ತಿರುಗಣಿಯಲ್ಲಿಟ್ಟು ತಿರುಗಿಸಿ ಕಡೆದ ಕಂಬಗಳಿವೆ, ಬಳೆ ತೊಡಿಸಿದ ಹಾಗೆ ಸುತ್ತಲೂ ಗೆರೆ. ಒಂದು ಭಾನುವಾರ ಕಂಬದ ಎದುರು ನೆಲದ ಮೇಲೆ ಕೂತು ತೆಗೆಯುತ್ತಿದ್ದೆ. ಕಣ್ಣಿನ ಮಟ್ಟಕ್ಕಿಂತ ಮೇಲಿನ ಬಳೆಗಳು ಕಾಮನಬಿಲ್ಲಿನ ಹಾಗೆ ಮೇಲಕ್ಕೆ ಬಾಗಿದ್ದವು. ಕೆಳಗಿನವು ತೊಟ್ಟಿಲಿನ ಹಾಗೆ ಕೆಳಕ್ಕೆ. ಕಾಲು ಜೋಮು ಹಿಡಿದು ಎದ್ದು ನಿಂತೆ. ಕೂತಾಗ ಮೇಲಕ್ಕೆ ಬಾಗಿದ್ದ ಒಂದು ಬಳೆ ಈಗ ಕಣ್ಣಿಗೆ ಸರಿಯಾಗಿ ಎದುರು ಬಂದು ನೇರ ಗೆರೆ ಆಗಿತ್ತು! ಮತ್ತೆ ಕೂತೆ, ಬಾಗಿತು. ಎದ್ದೆ, ನೇರ ಆಯಿತು. ನಾಲ್ಕೈದು ಸಲ ಹಾಗೇ ಮಾಡಿದೆ.

ಬಳೆ ಕಣ್ಣಿನ ಮಟ್ಟದಿಂದ ಮೇಲಕ್ಕೋ ಕೆಳಕ್ಕೋ ದೂರ ಹೋದಷ್ಟೂ ಜಾಸ್ತಿ ಬಾಗುತ್ತದೆ. ಸ್ಟೂಲಿನ ಮೇಲಿನ ತಂಬಿಗೆ ಕಣ್ಣಿನ ಮಟ್ಟಕ್ಕಿಂತ ಕೆಳಗಿತ್ತು, ಅದರ ತಳ ಬಾಯಿಗಿಂತಲೂ ಕೆಳಗೆ, ಅಲ್ವಾ? ಸರ್ ಹೇಳಿದ್ದು ಸರಿಯೇ ಇತ್ತು.

ನಿಮ್ಮ ಚಿತ್ರ ಕೆಟ್ಟಿಲ್ಲ. ಬಾಯಿಪಾಠ ಬಿಟ್ಟು ನೋಡಿ ತೆಗೆಯಲು ಈಗಷ್ಟೇ ಶುರು ಮಾಡಿದ್ದೀರಿ. ಸರ್ ಏನೇ ಹೇಳಲಿ, ಯಾಕೆ ಅಂತ ಕೇಳಿ. ಕ್ಲಾಸು ಎಷ್ಟೇ ಮುಂದೆ ಓಡಲಿ, ಮನೆಯಲ್ಲಿ ಒಂದನ್ನೇ ಹಿಡಿಯಿರಿ. ನಾನು ಒಂದು ತಿಂಗಳು ಶೇಡಿಂಗ್ ಮುಟ್ಟಲಿಲ್ಲ. ದಿನಾ ರಾತ್ರಿ ಊಟ ಆದ ಮೇಲೆ ತಂಬಿಗೆಯ ಬಾಯಿ ಮತ್ತು ತಳ, ಅಷ್ಟೇ. ಒಮ್ಮೆ ಕಟ್ಟೆಯ ಮೇಲಿಟ್ಟು, ಒಮ್ಮೆ ನೆಲದ ಮೇಲಿಟ್ಟು. ಮೂರನೇ ವಾರದ ಹೊತ್ತಿಗೆ ರಬ್ಬರ್ ಎಲ್ಲಿದೆ ಅಂತ ಹುಡುಕುವುದು ನಿಂತಿತ್ತು.