ಹಾಲು ಬಿಡಿಸಿದ ಹಂದಿಮರಿಗೆ ಯಾವ ಪೌಡರ್ ಹಾಕಬೇಕು?

"ಅಕ್ಕಾ, ಫೀಡ್‌ಗೆ ಆಂಟಿಬಯೋಟಿಕ್ ಬೇಡ ಅಂತೀರಿ. ಹಾಗಾದ್ರೆ ಅದರ ಬದಲಿಗೆ ಯಾವ ಪೌಡರ್ ಹಾಕ್ಲಿ?" ಹೊಸದಾಗಿ ಹಂದಿ ಸಾಕುವವರು ಫೋನ್ ಮಾಡಿದರೆ ಹೆಚ್ಚಾಗಿ ಬರುವ ಪ್ರಶ್ನೆ ಇದು. ಸೋಮವಾರಪೇಟೆ ಕಡೆ, ಕಾಫಿ ತೋಟದ ಪಕ್ಕದಲ್ಲಿ ನಮ್ಮ ಸಣ್ಣ ಹಂದಿಗೂಡು ಇದೆ. ಯಾರ್ಕ್‌ಶೈರ್, ಲ್ಯಾಂಡ್‌ರೇಸ್ ಮಿಶ್ರತಳಿ. ಫೋನಿನಲ್ಲಿ ಪೂರ್ತಿ ಹೇಳಿ ಮುಗಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಂಟಿಬಯೋಟಿಕ್ ತಿಂದ ಮರಿ ಯಾಕೆ ಬೇಗ ಬೆಳೆಯುತ್ತೆ ಅಂತ ಮೊದಲು ನೋಡೋಣ. 1950ರ ಹೊತ್ತಿಗೆ ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಜೂಕ್ಸ್ ಮತ್ತು ಸ್ಟಾಕ್‌ಸ್ಟಾಡ್ ಎಂಬ ಇಬ್ಬರು ಬಿ12 ವಿಟಮಿನ್ ಹಿಂದೆ ಬಿದ್ದಿದ್ದರು. ಆರಿಯೋಮೈಸಿನ್ ಎಂಬ ಆಂಟಿಬಯೋಟಿಕ್ ತಯಾರಿಸಿ ಉಳಿದ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿದರು. ಅವು ವಿಟಮಿನ್ನಿನ ಲೆಕ್ಕಕ್ಕೂ ಮೀರಿ ಬೆಳೆದವು. ಈ ಪದ್ಧತಿ ಹಂದಿಗೂ ಬಂತು. ಆದರೆ ಮುಂದೆ, ಸೂಕ್ಷ್ಮಾಣುಗಳೇ ಇಲ್ಲದ ಕಡೆ ಸಾಕಿದ ಕೋಳಿಮರಿಗಳಿಗೆ ಆಂಟಿಬಯೋಟಿಕ್ ಕೊಟ್ಟರೆ ಬೆಳವಣಿಗೆ ಹೆಚ್ಚಲಿಲ್ಲ. ಹಂದಿಗಳಲ್ಲೂ ಅಷ್ಟೇ. ಶುಚಿಯಾದ ಸಂಶೋಧನಾ ಕೇಂದ್ರಗಳಿಗಿಂತ ಸಾಮಾನ್ಯ ಫಾರ್ಮುಗಳಲ್ಲೇ ಲಾಭ ಜಾಸ್ತಿ ಕಂಡಿತು. ಅಂದರೆ ಗೂಡು ಎಷ್ಟು ಕೊಳಕೋ, ಮರಿ ಎಷ್ಟು ಕಂಗೆಟ್ಟಿದೆಯೋ, ಔಷಧದ ಪ್ರಭಾವ ಅಷ್ಟು ಹೆಚ್ಚು. ನನ್ನ ಮಟ್ಟಿಗೆ ಉತ್ತರ ಇಲ್ಲೇ ಇದೆ. ಬದಲಾಗಬೇಕಾದದ್ದು ಮೊದಲು ಗೂಡು, ಆಮೇಲೆ ಮೇವು, ಪೌಡರ್ ಕೊನೆಗೆ.

ತನ್ನ ಪಾಡಿಗೆ ಬಿಟ್ಟರೆ ತಾಯಿ ಹಂದಿ ಮೂರು ನಾಲ್ಕು ತಿಂಗಳು ತೆಗೆದುಕೊಂಡು ನಿಧಾನಕ್ಕೆ ಹಾಲು ಬಿಡಿಸುತ್ತೆ. ಫಾರ್ಮುಗಳಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ವಾರಕ್ಕೇ ಒಂದೇ ದಿನದಲ್ಲಿ ಬಿಡಿಸುತ್ತಾರೆ. ಆ ವಯಸ್ಸಿನ ಹೊಟ್ಟೆಯಲ್ಲಿ ಆಮ್ಲ ಸಾಲದು. ಹಾಲು ಕುಡಿಯುವಾಗ ಅದರ ಸಕ್ಕರೆಯಿಂದಲೇ ಲ್ಯಾಕ್ಟಿಕ್ ಆಮ್ಲ ಆಗುತ್ತಿತ್ತು, ಈಗ ಅದೂ ಇಲ್ಲ. ಸೋಯಾ ಹಿಂಡಿ, ಸುಣ್ಣಕಲ್ಲಿನ ಪುಡಿ ಇರುವ ಮೇವು ಬಿದ್ದರೆ ಇದ್ದಬದ್ದ ಆಮ್ಲವನ್ನೂ ಅವು ಹೀರುತ್ತವೆ. ಅರಗದ ಪ್ರೋಟೀನ್ ಕೆಳಗಿನ ಕರುಳಿಗೆ ಇಳಿಯುತ್ತೆ, ಅಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಹೆಚ್ಚುತ್ತೆ, ಭೇದಿ ಶುರು.

ಹಾಗಾಗಿ ನಾವು 28 ದಿನಕ್ಕೆ ಮೊದಲು ಹಾಲು ಬಿಡಿಸುವುದೇ ಇಲ್ಲ. ಮಳೆಗಾಲದಲ್ಲಿ ಇನ್ನೂ ಒಂದು ವಾರ ತಡೆಯುತ್ತೇವೆ. ತಾಯಿ ಹತ್ತಿರ ಇರುವಾಗಲೇ ಮರಿಗಳಿಗೆ ಸ್ವಲ್ಪ ಸ್ವಲ್ಪ ಮೇವಿನ ರುಚಿ ತೋರಿಸುತ್ತೇವೆ. ಬಿಡಿಸುವ ದಿನ ತಾಯಿಯನ್ನು ಬೇರೆ ಕಡೆ ಕಳಿಸುತ್ತೇವೆ, ಮರಿಗಳು ತಮ್ಮ ಜಾಗದಲ್ಲೇ ಉಳಿಯುತ್ತವೆ. ಬೇರೆ ತಾಯಿಯ ಮರಿಗಳನ್ನು ಆ ವಾರ ಸೇರಿಸುವುದಿಲ್ಲ, ಕಚ್ಚಾಡಿ ಸೋತುಹೋಗುತ್ತವೆ. ಕೊಡಗಿನ ಜುಲೈ ಚಳಿ ಗೊತ್ತಲ್ಲ? ನೆಲ ಆರುವುದೇ ಇಲ್ಲ. ಹಾಲು ಬಿಟ್ಟ ಮರಿಗೆ 28ರಿಂದ 30 ಡಿಗ್ರಿ ಬೆಚ್ಚಗೆ ಬೇಕು. ಒಣ ಭತ್ತದ ಹುಲ್ಲು, ಮೇಲೊಂದು ಬಲ್ಬ್, ಗಾಳಿ ಹೊಡೆಯದ ಹಾಗೆ ಮರೆ. ಒಂದು ತಂಡ ಖಾಲಿಯಾದ ಮೇಲೆ ತೊಳೆದು, ಸುಣ್ಣ ಬಳಿದು, ಪೂರ್ತಿ ಒಣಗಿಸಿಯೇ ಮುಂದಿನದು. ಬೇಸರದ ಕೆಲಸ ನಿಜ, ಆದರೆ ಮರಿಯ ತೂಕ ನಿಲ್ಲುವುದು ಇದರ ಮೇಲೇ.

ಮೇವಿನಲ್ಲಿ ಪ್ರೋಟೀನ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಅಂಗಡಿಯವರು ಹೇಳುತ್ತಾರೆ. ಈ ಮರಿಗಳ ವಿಷಯದಲ್ಲಿ ನಾನು ಒಪ್ಪುವುದಿಲ್ಲ. 22, 23 ಶೇಕಡ ಇದ್ದದ್ದನ್ನು 18ರ ಹತ್ತಿರ ಇಳಿಸಿ, ಲೈಸಿನ್, ಮೆಥಿಯೋನಿನ್, ಥ್ರಿಯೋನಿನ್ ಎಂಬ ಅಮೈನೋ ಆಮ್ಲಗಳನ್ನು (ಪ್ರೋಟೀನಿನ ಬಿಡಿಭಾಗಗಳು) ಸೇರಿಸಿ ಕೊರತೆ ತುಂಬಬಹುದು. ನುಚ್ಚಕ್ಕಿ ಬೇಯಿಸಿ ಹಾಕಿ, ಸುಲಭವಾಗಿ ಅರಗುತ್ತೆ. ಆಸ್ಟ್ರೇಲಿಯಾದ ಪ್ರಯೋಗಗಳಲ್ಲಿ ಬೇಯಿಸಿದ ಅಕ್ಕಿ ತಿಂದ ಮರಿಗಳಲ್ಲಿ ಇ. ಕೋಲಿ ಕಾಟ ಕಡಿಮೆಯಾಗಿತ್ತು.

ಇಷ್ಟಾದ ಮೇಲೆ ಪೌಡರ್. ಅದರಲ್ಲಿ ನನಗೆ ನಂಬಿಕೆ ಇರುವುದು ಆಮ್ಲಗಳ ಮೇಲೆ: ಫಾರ್ಮಿಕ್, ಸಿಟ್ರಿಕ್, ಫ್ಯೂಮರಿಕ್. ಹೊಟ್ಟೆಯಲ್ಲಿ ಇಲ್ಲದ್ದನ್ನೇ ಅವು ಕೊಡುತ್ತವೆ. (ನಮ್ಮ ಕೊಡಗಿನ ಅಡುಗೆಯ ಹುಳಿ, ಕಾಚಂಪುಳಿ ಆಗುತ್ತಾ ಅಂತ ಕೆಲವರು ಕೇಳಿದ್ದಾರೆ. ಅದರ ಬೆಲೆಗೆ ಅದು ಪಂದಿ ಕರಿಗೇ ಇರಲಿ.) ಲ್ಯಾಕ್ಟೋಬ್ಯಾಸಿಲಸ್, ಯೀಸ್ಟ್ ತರದ ಪ್ರೋಬಯೋಟಿಕ್‌ಗಳ, ಅಂದರೆ ಕರುಳಿಗೆ ಒಳ್ಳೆಯದೆಂದು ಕೊಡುವ ಜೀವಂತ ಸೂಕ್ಷ್ಮಾಣುಗಳ ಫಲ ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇರುವುದಿಲ್ಲ. ಜಿಂಕ್ ಆಕ್ಸೈಡ್ ಭೇದಿ ನಿಲ್ಲಿಸುತ್ತೆ ನಿಜ. ಆದರೆ ಔಷಧದ ಮಟ್ಟದಲ್ಲಿ ಹಾಕಿದರೆ ಸತುವೆಲ್ಲ ಸಗಣಿಯಲ್ಲಿ ಮಣ್ಣು ಸೇರುತ್ತೆ. ಯುರೋಪಿನಲ್ಲಿ 2022ರ ಜೂನಿನಿಂದ ಆ ಬಳಕೆ ನಿಂತಿದೆ. ನಮ್ಮ ಗೊಬ್ಬರ ಹೋಗುವುದು ಕಾಫಿ ಗಿಡದ ಬುಡಕ್ಕೆ, ನನಗೆ ಅದು ಬೇಡ.

ಮೇವಿಗೆ ಆಂಟಿಬಯೋಟಿಕ್ ಬೇಡ ಅಂತ ಇಷ್ಟೆಲ್ಲ ಹೇಳುವುದು ಯಾಕೆ ಅಂದರೆ, ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್. ಬೇರೆ ಯಾವ ಔಷಧವೂ ನಾಟದಾಗ ಐಸಿಯುನಲ್ಲಿ ಮನುಷ್ಯರಿಗೆ ಕೊಡುವ ಔಷಧ ಅದು. ಅದಕ್ಕೆ ಬಗ್ಗದ ಶಕ್ತಿಯನ್ನು ಬ್ಯಾಕ್ಟೀರಿಯಾಕ್ಕೆ ಕೊಡುವ, ಒಂದರಿಂದ ಇನ್ನೊಂದಕ್ಕೆ ದಾಟುವ ಜೀನ್ ಚೀನಾದಲ್ಲಿ ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಸಿಕ್ಕಿದ್ದು 2015ರಲ್ಲಿ ಹೊರಬಂತು. ಭಾರತ 2019ರಲ್ಲಿ ಪ್ರಾಣಿಗಳ ಮೇವಿನಲ್ಲಿ ಅದನ್ನು ನಿಷೇಧಿಸಿತು. ಡೆನ್ಮಾರ್ಕಿನವರು 1990ರ ದಶಕ ಮುಗಿಯುವಷ್ಟರಲ್ಲೇ ಬೆಳವಣಿಗೆಗೆಂದು ಆಂಟಿಬಯೋಟಿಕ್ ಹಾಕುವುದನ್ನು ಬಿಟ್ಟಿದ್ದರು. ಮೊದಮೊದಲು ಹಾಲು ಬಿಟ್ಟ ಮರಿಗಳಲ್ಲಿ ಭೇದಿಯ ಚಿಕಿತ್ಸೆ ಹೆಚ್ಚಿತು, ಕಷ್ಟಪಟ್ಟರು. ಆದರೂ ಅಲ್ಲಿನ ಹಂದಿ ಉದ್ಯಮ ಮುಳುಗಲಿಲ್ಲ, ಬೆಳೆಯಿತು.

ಕಾಯಿಲೆ ಬಿದ್ದ ಮರಿಗೆ ಔಷಧ ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಭೇದಿ ಕಂಡ ಕೂಡಲೇ ಆ ಮರಿಯನ್ನು ಬೇರೆ ಮಾಡಿ. ನೀರು, ಉಪ್ಪು, ಸಕ್ಕರೆಯ ದ್ರಾವಣ ಮುಂದಿಡಿ. ಪಶುವೈದ್ಯರನ್ನು ಕರೆಸಿ, ಅವರು ಬರೆದ ಔಷಧವನ್ನು ಅವರು ಹೇಳಿದಷ್ಟು ದಿನ ಕೊಡಿ, ಆ ಮರಿಗೆ ಮಾತ್ರ.